ನೀರು ಇಳಿದ ಮೇಲೆ ಹಿನ್ನೀರಿನ ಸುತ್ತ

ತುಂಗಭದ್ರಾ ಡ್ಯಾಮ್ ನೋಡಲು ಜನ ಸಾಮಾನ್ಯವಾಗಿ ಮಳೆಗಾಲದಲ್ಲಿ ಬರುತ್ತಾರೆ. ಗೇಟ್ ತೆಗೆದಾಗ ನೊರೆ ಎಬ್ಬಿಸಿ ಧುಮುಕುವ ನೀರನ್ನು ನೋಡಬೇಕು, ಅಲ್ವಾ? ನಾನು ಮತ್ತು ನನ್ನ ಸೋದರಮಾವ ಹೊರಟಿದ್ದು ಏಪ್ರಿಲ್ ಕೊನೆಯ ವಾರ. ನೀರು ಇಳಿದು, ದಂಡೆ ದೂರ ದೂರ ಹಿಂದೆ ಸರಿದಿರುವ ಕಾಲ. ಮಾವನಿಗೆ ಬೇಕಾಗಿದ್ದೂ ಅದೇ. ಅವರ ಅಪ್ಪ, ಅಂದರೆ ನನ್ನ ಅಜ್ಜ, ನಾರಾಯಣದೇವರಕೆರೆಯವರು. ಆ ಊರು ಈಗ ಹಿನ್ನೀರಿನ ಪಾಲು.

ಮಾವನ ಹಳೇ ಓಮ್ನಿಗೆ ಟೆಂಟ್, ಎರಡು ಚಾಪೆ, 20 ಲೀಟರಿನ ಎರಡು ನೀರಿನ ಕ್ಯಾನ್ ಹಾಕಿಕೊಂಡೆವು. ಅತ್ತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಟ್ಟಿದ್ದರು. ಬೇಸಿಗೆಯಲ್ಲಿ ಬಯಲಲ್ಲಿ ಮಲಗಲು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಎಷ್ಟು ಬಿಸಿಲಾದರೂ ಕೆಡುವುದಿಲ್ಲ.

ಕೊಪ್ಪಳ ಬಿಟ್ಟು ಗಿಣಿಗೇರಿ, ಹಿಟ್ನಾಳ ದಾಟಿ ಮುನಿರಾಬಾದ್ ತಲುಪಿದಾಗ ಇನ್ನೂ ಬೆಳಗಿನ ಏಳು ಗಂಟೆ. ಹುಲಿಗೆಮ್ಮನಿಗೆ ಕೈಮುಗಿದು ಡ್ಯಾಮ್ ಕಡೆ ಬಂದೆವು. ಸಿಮೆಂಟ್ ಬದಲು ಸುರ್ಕಿ ಗಾರೆಯಲ್ಲಿ, ಅಂದರೆ ಸುಟ್ಟ ಇಟ್ಟಿಗೆ ಪುಡಿ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ ಅದು. 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆ ವಾರವೆಲ್ಲ ನಮ್ಮ ಮನೆಯಲ್ಲಿ ಟಿವಿ ಆರಿಸಿರಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲು ನೀರು ತಡೆಯುವ ಉಕ್ಕಿನ ಹಲಗೆ ಇಳಿಸಿದ ದಿನ ಮಾವ ಮನೆಮಂದಿಗೆಲ್ಲ ಪೇಡೆ ಹಂಚಿದ್ದರು. ಗಂಗಾವತಿ, ಸಿಂಧನೂರಿನ ಗದ್ದೆಗಳು ಈ ನೀರನ್ನೇ ನಂಬಿವೆ. ನಾವು ಉಣ್ಣುವ ಅಕ್ಕಿಯೂ ಅಲ್ಲಿಂದಲೇ ಬರೋದು.

1945ರಲ್ಲಿ ಕೆಲಸ ಶುರುವಾದಾಗ ಈ ಕಡೆಯ ದಂಡೆ ನಿಜಾಮರದು, ಆ ಕಡೆಯದು ಮದ್ರಾಸ್ ಪ್ರಾಂತ್ಯದ್ದು. ಒಂದೇ ಹೊಳೆ, ಎರಡು ಸರ್ಕಾರ. ಮುಳುಗಿದ ಸುಮಾರು 90 ಹಳ್ಳಿಗಳು ಮಾತ್ರ ಎರಡೂ ಕಡೆಯವು.

ಅಲ್ಲಿಂದ ಹಿಂದಕ್ಕೆ ತಿರುಗಿ ಕೊಪ್ಪಳ ತಾಲೂಕಿನ ಹಳ್ಳಿ ರಸ್ತೆಗಳಲ್ಲಿ ಪಶ್ಚಿಮಕ್ಕೆ ಹೊರಟೆವು. ಜಲಾಶಯ ತುಂಬಿದಾಗ ನೀರು 378 ಚದರ ಕಿಲೋಮೀಟರ್ ಹರಡುತ್ತದೆ. ಈಗ ಅದರಲ್ಲಿ ಎಷ್ಟೋ ಜಾಗ ಬರೀ ಬಯಲು. ನಡುವೆ ಎಲ್ಲೋ ಬೆಳ್ಳಗೆ ಮಿಂಚುವ ನೀರು. ಅದರ ಹತ್ತಿರ ಹೋಗುವ ಆಸೆಗೆ ಸಂಜೆ ಓಮ್ನಿಯನ್ನು ಬಯಲಿಗೆ ಇಳಿಸಿಬಿಟ್ಟೆ. ನೂರು ಮಾರು ಹೋಗಿರಬಹುದು, ಹಿಂದಿನ ಗಾಲಿ ಹೂತುಹೋಯಿತು. ಕುರಿ ಕಾಯುತ್ತಿದ್ದ ಇಬ್ಬರು ಓಡಿ ಬಂದರು.

"ಯಜಮಾನ್ರ, ಮ್ಯಾಲೆ ಅಷ್ಟ ಒಣಗೇತ್ರಿ. ಕೆಳಗ ಇನ್ನೂ ಹಸಿ ಐತಿ" ಎಂದರು. ಜಾಲಿ ಟೊಂಗೆ ಕಡಿದು ಗಾಲಿಯ ಕೆಳಗೆ ಹಾಕಿ ನಾಲ್ವರೂ ನೂಕಿದ ಮೇಲೆ ಗಾಡಿ ಎದ್ದಿತು. ನಾವು ಸಿಕ್ಕಿಬಿದ್ದಿದ್ದು ಹೂಳಿನಲ್ಲಿ. 1953ರಲ್ಲಿ ಮೊದಲು ನೀರು ನಿಂತಾಗ ಜಲಾಶಯಕ್ಕೆ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು. ಈಗ ಸುಮಾರು 105. ಉಳಿದ ಜಾಗವನ್ನು ಈ ಮಣ್ಣು ತಿಂದಿದೆ. ಓದುವಾಗ ಇದು ಸುಮ್ನೆ ಒಂದು ಅಂಕಿ. ಮೊಣಕಾಲವರೆಗೆ ಮೆತ್ತಿಕೊಂಡಾಗಲೇ ಅದರ ಭಾರ ಗೊತ್ತಾಗಿದ್ದು. ಹಿನ್ನೀರಿಗೆ ಹೋಗುವವರಿಗೆ ನನ್ನದೊಂದೇ ಮಾತು: ಗಾಡಿ ರಸ್ತೆಯ ಮೇಲೇ ಇರಲಿ.

ಕತ್ತಲಾಗಿತ್ತು. ಸ್ವಲ್ಪ ಎತ್ತರದ, ಗರಸು ನೆಲ ನೋಡಿ ಟೆಂಟ್ ಬಿಚ್ಚಿದೆವು. ತಲೆಯ ಮೇಲೆ ಒಂದು ಟಿಟ್ಟಿಭ ಕಿರುಚತೊಡಗಿತು. ನಾಲ್ಕು ಹೆಜ್ಜೆ ಇಟ್ಟರೆ ಇನ್ನೂ ಜೋರು.

"ತಮ್ಮಾ, ನಿಂದ್ರು. ಕಾಲು ಎತ್ತಬ್ಯಾಡ" ಎಂದರು ಮಾವ. "ಇಲ್ಲೇ ಎಲ್ಲೋ ತತ್ತಿ ಇಟ್ಟೈತಿ."

ಟಾರ್ಚ್ ಹಾಕಿ ಹುಡುಕಿದೆವು. ನನ್ನ ಚಪ್ಪಲಿಯಿಂದ ಎರಡು ಗೇಣು ಆಚೆ ನಾಲ್ಕು ತತ್ತಿ. ಗೂಡಿಲ್ಲ, ಹುಲ್ಲಿಲ್ಲ. ಸಣ್ಣ ತಗ್ಗು, ಸುತ್ತ ಹರಳು. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಚೂಪು ತುದಿಗಳೆಲ್ಲ ನಡುವಿಗೆ ಸೇರಿಸಿ ಜೋಡಿಸಿದ ಹಾಗೆ ಕೂತಿದ್ದವು. ಒಂದು ಸಲ ಕಣ್ಣು ತೆಗೆದರೆ ಮತ್ತೆ ಹುಡುಕಬೇಕು, ಹಾಗಿದ್ದವು. ಟಾರ್ಚ್ ಆರಿಸಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಟೆಂಟನ್ನು ಬಹಳ ದೂರ ಒಯ್ದೆವು. ಸ್ವಲ್ಪ ಹೊತ್ತಿಗೆ ಹಕ್ಕಿ ಸುಮ್ಮನಾಯಿತು. ಆಮೇಲೆಯೇ ನಾವು ರೊಟ್ಟಿ ಬಿಚ್ಚಿದ್ದು. ಹಗಲೆಲ್ಲ ಕಾದ ನೆಲ ನಡುರಾತ್ರಿಯವರೆಗೂ ಬೆನ್ನಿಗೆ ಬಿಸಿ ತಾಗುತ್ತಿತ್ತು. ಬೆಳಗಿನ ಜಾವ ನೀರಿನ ಕಡೆಯಿಂದ ತಂಗಾಳಿ ಬಂತು.

ಮರುದಿನ ಕೊರ್ಲಹಳ್ಳಿ ಸೇತುವೆ ದಾಟಿ ಆಚೆ ದಂಡೆಗೆ ಬಂದೆವು. ಹಡಗಲಿಯಲ್ಲಿ ಮಾವ ಅತ್ತೆಗೆಂದು ಮಲ್ಲಿಗೆ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಯಲ್ಲಿ ಒಂದು ತಾಸು ನಿಂತೆವು. ನೀರಿನ ನಡುವಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅದಕ್ಕೇ ಒಂದು ಪೂರ್ತಿ ದಿನ ಇಟ್ಟುಕೊಂಡು ಮತ್ತೆ ಬರಬೇಕು.

2021ರವರೆಗೆ ಈ ಭಾಗವೆಲ್ಲ ಬಳ್ಳಾರಿ ಜಿಲ್ಲೆ. ಮಾವ ಈಗಲೂ ಹಾಗೇ ಅನ್ನುತ್ತಾರೆ. ನಾರಾಯಣದೇವರಕೆರೆ ಬಿಟ್ಟ ಜನ ಬಂದು ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಅಲ್ಲಿ ಗೊತ್ತಿದ್ದವರೊಬ್ಬರ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಎರಡನೇ ರಾತ್ರಿ ಕಳೆದೆವು.

ಬೆಳಕು ಹರಿಯುವ ಮೊದಲೇ ಮಾವ ಎದ್ದು ಬಯಲಿಗೆ ಇಳಿದಿದ್ದರು. ನಾನು ಹಿಂದೆ ಹೋದೆ. ನೆಲವೆಲ್ಲ ಬಿರುಕು, ಬಿರುಕಿನಲ್ಲಿ ಬಿಳೀ ಚಿಪ್ಪು. ಮಾವ ಹುಟ್ಟುವ ಮೊದಲೇ ಊರು ಮುಳುಗಿತ್ತು. ಅವರಿಗೆ ಗೊತ್ತಿರೋದು ಅಜ್ಜ ಹೇಳಿದ್ದಷ್ಟೇ. ಗುಡಿ ಹಿಂದಿನ ಓಣಿ, ಬಾಗಿಲ ಮುಂದೆ ಹುಣಸೆ ಮರ. ಅಲ್ಲಿ ಓಣಿಯೂ ಇಲ್ಲ, ಮರವೂ ಇಲ್ಲ. ಆದರೂ ಅರ್ಧ ತಾಸು ನಡೆದ ಮೇಲೆ ಅವರು ಒಂದು ಕಡೆ ಕುಕ್ಕರುಗಾಲಲ್ಲಿ ಕೂತರು. ಮಣ್ಣಿನಲ್ಲಿ ಅರ್ಧ ಹೂತ ಒರಳುಕಲ್ಲು. ಕುಳಿಯ ತುಂಬ ಒಣಗಿದ ಹೂಳು. ಮಾವ ಬೆರಳಿನಿಂದ ಕೆದರಿ ಎಲ್ಲವನ್ನೂ ತೆಗೆದರು. ಒಳಗೆ ರುಬ್ಬಿ ರುಬ್ಬಿ ಸವೆದ ನುಣುಪು ಇನ್ನೂ ಹಾಗೇ ಇತ್ತು. ಬಾಟಲಿಯ ನೀರು ಹಾಕಿ ತೊಳೆದು, ಒಳಗೆ ಅಂಗೈ ಇಟ್ಟುಕೊಂಡು ಕೂತರು.

"ಯಾರ ಮನೀದೋ" ಎಂದರು.

ಬಿಸಿಲು ಏರತೊಡಗಿತು. "ಗಾಡ್ಯಾಗ ಹಾಕ್ಕೊಂಡು ಹೋಗೂಣೇನು ಮಾವಾ?" ಎಂದು ಕೇಳಿದೆ.

"ಬ್ಯಾಡ" ಎಂದರು ಮಾವ, ಧೋತರ ಝಾಡಿಸಿಕೊಂಡು ಏಳುತ್ತ. "ಅದರ ಊರಾಗ ಅದು ಇರಲಿ."