ಮಳೆ ಪುಸ್ತಕ, ಎಣ್ಣೆ ಬಾವಿ

ಸಂಚಿಕೆಗೆ ಕಾಲೇಜಿನ ನೆನಪು ಬರೆದುಕೊಡಿ ಅಂತ ಸಂಪಾದಕ ಮೇಡಂ ಫೋನ್ ಮಾಡಿದಾಗ ಮೊದಲು ನೆನಪಾಗಿದ್ದು ಕ್ಯಾಂಟೀನಿನ ಬಜ್ಜಿ, ಆಮೇಲೆ ಫಿಸಿಕ್ಸ್ ಸರ್. ಬಜ್ಜಿ ಬಗ್ಗೆ ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ಹಾಗಾಗಿ ನಾನು ಸರ್ ಬಗ್ಗೆ ಬರೆಯುತ್ತೇನೆ. ನಾನೀಗ ಇರುವ ಊರಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ಮಡಿಕೇರಿಯ ಮಕ್ಕಳಿಗೆ ಸ್ಕಾಟ್ಲೆಂಡಿನ ಎಣ್ಣೆ ಕಥೆ ಯಾಕೆ ಅಂತ ಅನಿಸಬಹುದು. ಸ್ವಲ್ಪ ತಾಳ್ಮೆ ಇರಲಿ.

ಮೊದಲ ವರ್ಷದ ಬಿ.ಎಸ್ಸಿ., ಜುಲೈ ತಿಂಗಳು. ಸರ್ ಕ್ಲಾಸಿಗೆ ಬಂದವರೇ, "ಯಾರ್ಯಾರ ಮನೇಲಿ ತೋಟ ಇದೆ, ಕೈ ಎತ್ತಿ" ಅಂದರು. ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು. "ನಾಳೆ ಎಲ್ಲರೂ ಮನೆಯ ಮಳೆ ಪುಸ್ತಕ ತನ್ನಿ." ಕೊಡಗಿನಲ್ಲಿ ತೋಟ ಇರುವವರ ಮನೆಯಲ್ಲಿ ದೇವರ ದೀಪ ತಪ್ಪಿದರೂ ಮಳೆ ಲೆಕ್ಕ ತಪ್ಪುವುದಿಲ್ಲ, ಅಲ್ವಾ? ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು). ಕಾಫಿ ಅರಳಿಸುವ ಮಾರ್ಚಿನ ಹೂ ಮಳೆಗೆ ಕೆಂಪು ಶಾಯಿಯ ಗೆರೆ.

ಇಬ್ಬರು ಹುಡುಗರ ಮನೆ ಅಕ್ಕಪಕ್ಕ, ನಡುವೆ ಒಂದೇ ಬೇಲಿ. ಅವರ ಜುಲೈ ಲೆಕ್ಕದಲ್ಲಿ ಮಾತ್ರ ಹತ್ತಿಂಚಿಗೂ ಹೆಚ್ಚು ವ್ಯತ್ಯಾಸ. "ಯಾರಪ್ಪಾ ಸುಳ್ಳು ಬರೆದಿರೋದು?" ಅಂತ ಸರ್ ಕೇಳಿದರು. ಇಬ್ಬರೂ ಜಗಳಕ್ಕೇ ನಿಂತರು. ವಿಚಾರಿಸಿದರೆ ಒಬ್ಬರ ಮಳೆ ಮಾಪಕ ಸಿಲ್ವರ್ ಓಕ್ ಮರದ ಕೆಳಗಿತ್ತು. ಅದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿತ್ತು. ಆ ಮನೆಯವರು ನೆಂಟರ ಮನೆಗೆ ಹೋದ ದಿನಗಳಲ್ಲೆಲ್ಲ ಪುಸ್ತಕದಲ್ಲಿ ಸೊನ್ನೆ ಬರೆದಿದ್ದರು. ಸರ್ ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಸೊನ್ನೆ ಬರೆದು, "ಇದು ಮಳೆ ಬಂದಿಲ್ಲ ಅನ್ನೋ ಸೊನ್ನೆಯೋ, ನೋಡಿಲ್ಲ ಅನ್ನೋ ಸೊನ್ನೆಯೋ?" ಅಂದರು. ಆ ಇಡೀ ಪೀರಿಯಡ್ ಅದರಲ್ಲೇ ಕಳೆಯಿತು. ಸಿಲಬಸ್ಸಿನಲ್ಲಿ ಅದು ಎಲ್ಲೂ ಇರಲಿಲ್ಲ.

ಮುಂದೆ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ಮರೈನ್ ಜಿಯಾಲಜಿ (ಸಮುದ್ರ ತಳದ ಭೂವಿಜ್ಞಾನ) ಓದಿದೆ. ಉಡುಪಿ ಕಡೆಯ ಪಾದೂರಿನಲ್ಲಿ ಬಂಡೆ ಕೊರೆದು, 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಮಾಡುತ್ತಿದ್ದ ಕಾಲ ಅದು. ಎಣ್ಣೆ ಅಂದರೆ ಕೆಲಸ, ಕೆಲಸ ಅಂದರೆ ಎಣ್ಣೆ ಅಂತ ನಾವೆಲ್ಲ ನಂಬಿದ್ದೆವು. 2013ರಲ್ಲಿ ಸಾಲ ಮಾಡಿ ಸ್ಕಾಟ್ಲೆಂಡಿನ ಅಬರ್ಡೀನಿಗೆ ಓದಲು ಬಂದೆ.

ಇದು ಗ್ರಾನೈಟ್ ಊರು. ಮನೆ, ಚರ್ಚು, ಬ್ಯಾಂಕು ಎಲ್ಲವೂ ಬೂದು ಕಲ್ಲಿನವು. ಮಳೆಗಾಲದ ಮಡಿಕೇರಿಯ ಆಕಾಶವನ್ನು ಕತ್ತರಿಸಿ ಕಟ್ಟಿದ ಹಾಗೆ ಕಾಣುತ್ತದೆ. ಊರಿಗೆ ಕಲ್ಲು ಕೊಟ್ಟ ರುಬಿಸ್ಲಾ ಕ್ವಾರಿ 1971ರಲ್ಲಿ ಮುಚ್ಚಿತು. ಅದರ ಹಿಂದಿನ ವರ್ಷವಷ್ಟೇ ಉತ್ತರ ಸಮುದ್ರದಲ್ಲಿ ಫೋರ್ಟೀಸ್ ಅನ್ನುವ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತ್ತು. ಕಲ್ಲು, ಮೀನು ಅಂತ ಬದುಕುತ್ತಿದ್ದ ಊರು ಯುರೋಪಿನ ಎಣ್ಣೆ ರಾಜಧಾನಿ ಅನಿಸಿಕೊಂಡಿತು. ಇಲ್ಲಿನ ಹಳೆಯ ವಿಶ್ವವಿದ್ಯಾಲಯ ಶುರುವಾಗಿದ್ದು 1495ರಲ್ಲಿ. ಆದರೂ ನಾನು ಬಂದ ಕಾಲಕ್ಕೆ ಹೊರದೇಶದ ಹುಡುಗರಿಗೆ ಅದು ಗೊತ್ತಿದ್ದದ್ದು ಎಣ್ಣೆಯಿಂದಲೇ. ನಮ್ಮ ಕ್ಲಾಸಿನಲ್ಲಿ ನೈಜೀರಿಯಾದವರು ತುಂಬಾ ಮಂದಿ ಇದ್ದರು.

ಬೆಲೆ ಬಿದ್ದ ಕಥೆ ಬೇಗ ಹೇಳಿಬಿಡುತ್ತೇನೆ. 2014ರ ಮಧ್ಯದಲ್ಲಿ ಬ್ಯಾರೆಲಿಗೆ 110 ಡಾಲರ್ ದಾಟಿದ್ದ ಎಣ್ಣೆ, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ನಾನಿದ್ದ ಕಂಪನಿ ನಮ್ಮ ಇಡೀ ತಂಡವನ್ನು ಒಂದೇ ಶುಕ್ರವಾರ ಮನೆಗೆ ಕಳಿಸಿತು. ಅಪ್ಪನಿಗೆ ಫೋನ್ ಮಾಡಿದಾಗ ಅವರು ಗಾಬರಿ ಆಗಲೇ ಇಲ್ಲ. "ನಮ್ಗೆ ಇದು ಹೊಸದಾ?" ಅಂದರು, ಅಷ್ಟೆ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಕೋಟಾ (ಬೆಲೆ ಕಾಯಲು ದೇಶದೇಶಕ್ಕೆ ಕಟ್ಟಿದ್ದ ರಫ್ತಿನ ಮಿತಿ) ಮುರಿದುಬಿದ್ದದ್ದನ್ನೂ, 2001-02ರಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದ ಬೆಲೆಯನ್ನೂ ನೋಡಿದವರು ಅವರು. ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ರೋಬಸ್ಟಾ ಕಾಫಿ ಚೆರ್ರಿ ರೇಟು ಕೇಳುವ ಹಾಗೇ ಇಲ್ಲಿನ ಟ್ಯಾಕ್ಸಿಯವನೂ ಬ್ರೆಂಟ್, ಅಂದರೆ ಉತ್ತರ ಸಮುದ್ರದ ಕಚ್ಚಾ ಎಣ್ಣೆಯ, ರೇಟು ಹೇಳುತ್ತಾನೆ.

ಆದರೆ ಬೆಲೆ ಬೇರೆ, ಬಾವಿ ಬತ್ತುವುದು ಬೇರೆ. ಬ್ರಿಟನ್ನಿನ ಎಣ್ಣೆ ಮತ್ತು ಗ್ಯಾಸ್ ಉತ್ಪಾದನೆ 1999ರಲ್ಲೇ ತುದಿ ಮುಟ್ಟಿತ್ತು. ಈಗ ಅದರ ಕಾಲು ಭಾಗದಷ್ಟಿದೆ. ಇಲ್ಲಿನ ಪಬ್ಬಿನಲ್ಲಿ ಕೂತರೆ ಎಲ್ಲ ತಪ್ಪೂ ಕರೆಂಟ್ ಮಾಡುವ ಗಾಳಿಯಂತ್ರದ್ದು, ಇಲ್ಲವಾದರೆ ಸರ್ಕಾರ ಹಾಕಿದ ಹೆಚ್ಚುವರಿ ತೆರಿಗೆಯದು. ತೆರಿಗೆ ಭಾರವೇ, ಸುಳ್ಳಲ್ಲ. ಎಲ್ಲ ಸೇರಿದರೆ ಲಾಭದ ಮೇಲೆ 78 ಶೇಕಡಾ. ಆದರೆ ಗಾಳಿಯಂತ್ರ ಬರುವ ಎಷ್ಟೋ ಮೊದಲೇ ಈ ಸಮುದ್ರಕ್ಕೆ ವಯಸ್ಸಾಗಿತ್ತು. ನಾರ್ವೆಯವರು ಎಣ್ಣೆ ದುಡ್ಡಿಗೆ ಬೇರೆಯೇ ಹುಂಡಿ ಇಟ್ಟರು. ಇವರು ಬಂದಿದ್ದನ್ನು ಬಂದ ಹಾಗೇ ಖರ್ಚು ಮಾಡಿದರು.

ಹೊಸ ಕೆಲಸಗಳು ಬಂದಿಲ್ಲ ಅಂತಲ್ಲ. ಪೀಟರ್‌ಹೆಡ್ ಆಚೆ 2017ರಲ್ಲಿ ಹೈವಿಂಡ್ ಶುರುವಾಯಿತು. ಸಮುದ್ರದಲ್ಲಿ ತೇಲುವ ಗಾಳಿಯಂತ್ರಗಳು, ಜಗತ್ತಿನಲ್ಲೇ ಅಂಥ ಮೊದಲ ವಿಂಡ್ ಫಾರ್ಮ್. ಇರುವುದು ಐದು ಯಂತ್ರ, 30 ಮೆಗಾವ್ಯಾಟ್. ಐದನ್ನೂ ನಾರ್ವೆಯಲ್ಲಿ ಜೋಡಿಸಿ ಎಳೆದು ತಂದರು. ಅದೇ ವರ್ಷ ಬ್ರೆಂಟ್ ಡೆಲ್ಟಾ ಎಂಬ ಹಳೆಯ ಎಣ್ಣೆ ವೇದಿಕೆಯ 24,000 ಟನ್ ತೂಕದ ಮೇಲ್ಭಾಗವನ್ನು ಒಂದೇ ಏಟಿಗೆ ಎತ್ತಿದರು. ಒಡೆಯಲು ಒಯ್ದದ್ದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿಗೆ. ಕಟ್ಟುವ ಕೆಲಸ ಒಂದೂರಿಗೆ, ಒಡೆಯುವ ಕೆಲಸ ಇನ್ನೊಂದೂರಿಗೆ. ಇಲ್ಲಿನವರ ಹೊಟ್ಟೆ ಉರಿಯುವುದು ಅದಕ್ಕೇ.

ಇಲ್ಲಿನ ರಾಬರ್ಟ್ ಗಾರ್ಡನ್ ವಿಶ್ವವಿದ್ಯಾಲಯ 2021ರಲ್ಲಿ ಒಂದು ಅಧ್ಯಯನ ಮಾಡಿತ್ತು. ಎಣ್ಣೆ ಕೆಲಸಗಾರರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರ ಕೌಶಲ ಬೇರೆ ಇಂಧನ ಕ್ಷೇತ್ರಗಳಿಗೂ ಸಾಕಷ್ಟು ಹೊಂದುತ್ತದೆ ಅಂತ ಅದರಲ್ಲಿತ್ತು. ಕಾಗದದ ಮೇಲೆ ಸರಿ. ಆದರೆ ಎಣ್ಣೆ ವೇದಿಕೆಗೆ ಹೋಗುವವರಿಗೆ ಒಂದು ಸುರಕ್ಷತಾ ಸರ್ಟಿಫಿಕೇಟು, ಗಾಳಿಯಂತ್ರ ಹತ್ತುವವರಿಗೆ ಇನ್ನೊಂದು. ಸಮುದ್ರ ಅದೇ, ಚಳಿ ಅದೇ, ದುಡ್ಡು ಮಾತ್ರ ಎರಡು ಸಲ. (ಎಣ್ಣೆಯವರ ಟ್ರೈನಿಂಗಿನಲ್ಲಿ ಹೆಲಿಕಾಪ್ಟರಿನ ಡಬ್ಬಿಯೊಳಗೆ ಬೆಲ್ಟ್ ಬಿಗಿದು, ನೀರಿಗೆ ಮುಳುಗಿಸಿ, ತಲೆಕೆಳಗೆ ತಿರುಗಿಸುತ್ತಾರೆ. ಕಿಟಕಿ ತಳ್ಳಿ ಹೊರಗೆ ಬರಬೇಕು. ಮನೆಯ ಕೆರೆಯಲ್ಲಿ ಈಜು ಕಲಿತವನಿಗೆ ಮೂಗಿನೊಳಗೆ ನೀರು ಹೋದಾಗ ನಮ್ಮ ಕೊಡಗಿನ ದೇವರು ಇಗ್ಗುತ್ತಪ್ಪ ನೆನಪಾದ.)

ನಾನು ಈಗ ಮಾಡುವ ಕೆಲಸವನ್ನು ನಮ್ಮ ಮಕ್ಕಳಿಗೆ ತೋರಿಸಬೇಕು ಅಂತ ತುಂಬಾ ಆಸೆ. ಸಮುದ್ರದ ತಳ ಕೊರೆದಾಗ ಬರುವ ಕಲ್ಲಿನ ಕಂಬಕ್ಕೆ ಕೋರ್ ಅನ್ನುತ್ತಾರೆ. ಕಬ್ಬಿನ ಗಾತ್ರಕ್ಕಿಂತ ದಪ್ಪ, ಮರಳುಗಲ್ಲು, ಕೈಗೆ ತರಿತರಿ. ಕತ್ತಲೆ ಕೋಣೆಯಲ್ಲಿ ಅದರ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ, ಎಣ್ಣೆ ಹಿಡಿದ ಜಾಗ ಮಾತ್ರ ಹಳದಿಯಾಗಿ ಹೊಳೆಯುತ್ತದೆ. ಮೊದಲು ಈ ಕಲ್ಲನ್ನು ನೋಡಿ, ಇದರೊಳಗಿನದು ಎಷ್ಟು ಸಲೀಸಾಗಿ ಹೊರಗೆ ಬರುತ್ತದೆ ಅಂತ ಕೇಳುತ್ತಿದ್ದೆವು. ಈಗ ಅದೇ ಉಗ್ರಾಣದಿಂದ ಅದೇ ಥರದ ಪೆಟ್ಟಿಗೆ ತರಿಸಿ ಪ್ರಶ್ನೆಯನ್ನು ತಿರುಗಿಸಿ ಹಾಕಿದ್ದೇವೆ. ಕಾರ್ಖಾನೆಯ ಇಂಗಾಲದ ಡೈಆಕ್ಸೈಡನ್ನು ಇದರೊಳಗೆ ತುಂಬಿದರೆ ಇದು ಹಿಡಿದಿಟ್ಟುಕೊಳ್ಳುತ್ತದಾ? 800 ಮೀಟರಿಗಿಂತ ಆಳದಲ್ಲಿ ಒತ್ತಡಕ್ಕೆ ಆ ಅನಿಲ ದ್ರವದ ಹಾಗೆ ದಟ್ಟವಾಗಿ ಕಡಿಮೆ ಜಾಗ ಹಿಡಿಯುತ್ತದೆ. ಅದರ ಮೇಲೆ ಬಿರುಕಿಲ್ಲದ ಜೇಡಿಪದರದ ಮುಚ್ಚಳ ಬೇಕು. ಇಲ್ಲಿನ ಏಕಾರ್ನ್ ಯೋಜನೆಯ ಲೆಕ್ಕಾಚಾರವೂ ಇದೇ: ಖಾಲಿಯಾದ ಗ್ಯಾಸ್ ಜಾಗಗಳಲ್ಲಿ ಹೊಗೆ ಹೂಳುವುದು.

ಹಳೆಯ ಬಾವಿಗಳ ದಾಖಲೆ ಓದುವಾಗ ನಮಗೆ ಸಿಗುವ ದೊಡ್ಡ ತಲೆನೋವು ಏನು ಗೊತ್ತಾ? ಸೊನ್ನೆಗಳು. ಉಪಕರಣ ಕೆಟ್ಟ ದಿನವೂ ಸೊನ್ನೆ, ಏನೂ ಇಲ್ಲದ ದಿನವೂ ಸೊನ್ನೆ. ಒಮ್ಮೆ ಮೀಟಿಂಗಿನಲ್ಲಿ ಸಿಲ್ವರ್ ಓಕ್ ಮರದ ಕಥೆಯನ್ನೇ ಹೇಳಿ ಅರ್ಥ ಮಾಡಿಸಿದೆ. ಕೆಲಸ ಹೋದಾಗ ನನ್ನನ್ನು ಉಳಿಸಿದ್ದು ಎಣ್ಣೆಯ ಡಿಗ್ರಿಗಿಂತ ಜಾಸ್ತಿ ಸರ್ ಕಲಿಸಿದ ಆ ಅನುಮಾನ.

ವಿಶ್ವವಿದ್ಯಾಲಯಗಳ ಮಾತಿಗೆ ಬಂದರೆ, ಎಣ್ಣೆ ಊರುಗಳಲ್ಲಿ ಮೊದಲು ಖಾಲಿಯಾಗುವುದು ಕ್ಲಾಸ್ ರೂಮು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯ 2021ರಲ್ಲಿ ಆಯಿಲ್ ಅಂಡ್ ಗ್ಯಾಸ್ ಎಂಜಿನಿಯರಿಂಗ್ ಪದವಿಗೆ ಹೊಸ ಪ್ರವೇಶ ನಿಲ್ಲಿಸಿತು. ಅದೂ ಎಣ್ಣೆಯಿಂದಲೇ ಬೆಳೆದ ಊರು. ಅಬರ್ಡೀನಿನಲ್ಲಿ ಕೋರ್ಸುಗಳಿಗೆ 'ಎನರ್ಜಿ ಟ್ರಾನ್ಸಿಷನ್' (ಎಣ್ಣೆಯಿಂದ ಬೇರೆ ಇಂಧನಗಳತ್ತ ದಾಟುವುದು) ಅಂತ ಹೊಸ ಬೋರ್ಡು ಬಂತು. ಕೆಲವು ಕಡೆ ಒಳಗಿನ ಪಾಠವೂ ಬದಲಾಗಿದೆ. ಕೆಲವು ಕಡೆ ಸುಮ್ನೆ ಬೋರ್ಡು. ಅಷ್ಟರಲ್ಲಿ 2023ರಲ್ಲಿ ನೈಜೀರಿಯಾದ ನಾಣ್ಯ ನೈರಾದ ಬೆಲೆ ಕುಸಿದು, ಅಲ್ಲಿನ ಹುಡುಗರಿಗೆ ಫೀಸು ಕೈಗೆಟುಕದಂತಾಯಿತು. ಹೊರದೇಶದ ಫೀಸು ನಂಬಿದ್ದ ವಿಶ್ವವಿದ್ಯಾಲಯಗಳಿಗೆ ಪೆಟ್ಟು ಬಿತ್ತು. ಆ ವರ್ಷದ ಕೊನೆಗೆ ಇಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಗೇಲಿಕ್ ಪದವಿಗಳನ್ನೇ ನಿಲ್ಲಿಸುವ ಪ್ರಸ್ತಾಪ ಬಂತು. ದುಡ್ಡಿನ ಬಿಸಿ ಕೊನೆಗೆ ತಟ್ಟಿದ್ದು ಭಾಷೆ ಪಾಠ ಮಾಡುವವರಿಗೆ! ಗೇಲಿಕ್ ಈ ನೆಲದ ಭಾಷೆ ಬೇರೆ.

ಇದನ್ನು ಓದಿದಾಗ ಚಿಕ್ಕ ಅಳುವಾರ ನೆನಪಾಗದೆ ಇರುತ್ತದಾ? 2023ರಲ್ಲಿ ಅಲ್ಲಿ ನಮಗೂ ಕೊಡಗು ವಿಶ್ವವಿದ್ಯಾಲಯ ಬಂತು. 2025ರಲ್ಲೇ ಅದನ್ನು ಮುಚ್ಚುವ ಶಿಫಾರಸೂ ಬಂತು. ವಿದ್ಯಾರ್ಥಿಗಳು ಕಮ್ಮಿ, ದುಡ್ಡು ಕಮ್ಮಿ ಅನ್ನುವ ಮಾತು. ನನಗನಿಸುವುದು ಇಷ್ಟು. ಮನೆಮನೆಯಲ್ಲೂ ಮಳೆ ಪುಸ್ತಕ ಇರುವ ಜಿಲ್ಲೆ ನಮ್ಮದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ನೋಡಿದ ಜಿಲ್ಲೆ. ಮಣ್ಣು ಎಷ್ಟು ನೀರು ಕುಡಿದರೆ ಜಾರುತ್ತದೆ ಅನ್ನುವ ಪ್ರಶ್ನೆಗೂ, ಕಲ್ಲಿನ ರಂಧ್ರದಲ್ಲಿ ಎಣ್ಣೆ ಹೇಗೆ ಓಡುತ್ತದೆ ಅನ್ನುವ ಪ್ರಶ್ನೆಗೂ ಬೇಕಾದ ವಿದ್ಯೆ ಹೆಚ್ಚುಕಡಿಮೆ ಒಂದೇ. ಅದನ್ನು ಕಲಿಯಲು ನಮ್ಮ ಮಕ್ಕಳು ಸಮುದ್ರ ದಾಟಬೇಕಾ? ಆ ಹಳೆಯ ಪುಸ್ತಕಗಳನ್ನು ಒಂದು ಕಡೆ ಸೇರಿಸಿ ಕೂತರೆ ಹಲವು ವರ್ಷದ ಸಂಶೋಧನೆಗೆ ಸಾಮಗ್ರಿ ಇದೆ. ಸೊನ್ನೆಗಳ ಬಗ್ಗೆ ಮಾತ್ರ ಹುಷಾರಾಗಿರಬೇಕು.

ಈಚೆಗೆ ಫೈನಲ್ ಇಯರ್ ಹುಡುಗಿಯೊಬ್ಬಳು, "ಅಣ್ಣಾ, ಪೆಟ್ರೋಲಿಯಂ ತಗೊಳ್ಳಲಾ, ಬೇಡ್ವಾ?" ಅಂತ ಮೆಸೇಜ್ ಮಾಡಿದ್ದಳು. ಜಿಯಾಲಜಿಯನ್ನೋ ಮೆಕ್ಯಾನಿಕಲ್ಲನ್ನೋ ಗಟ್ಟಿಯಾಗಿ ಓದು, ಪೆಟ್ರೋಲಿಯಂ ಅದರ ಮೇಲಿನ ಒಂದು ವರ್ಷದ ಮಾತು ಅಂದೆ. ಹೊರದೇಶಕ್ಕೆ ಹೋಗುವುದಾದರೆ ಕಾಲೇಜಿನ ಬ್ರೋಷರ್ ಬದಿಗಿಟ್ಟು, ಹೋದ ವರ್ಷ ಪಾಸಾದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ನೇರವಾಗಿ ಅವರನ್ನೇ ಕೇಳು ಅಂತಲೂ ಹೇಳಿದೆ. ಇಂಥ ಪ್ರಶ್ನೆ ಇನ್ಯಾರಿಗಾದರೂ ಇದ್ದರೆ ನನ್ನ ನಂಬರ್ ಆಫೀಸಿನಲ್ಲಿದೆ. ನಿಮ್ಮ ಸಂಜೆ ಆರರ ನಂತರ ಮಾಡಿ, ಇಲ್ಲಿ ಆಗ ಊಟದ ಹೊತ್ತು, ಮಾತಾಡಲು ಪುರುಸೊತ್ತಿರುತ್ತದೆ.