ಪದ್ಮಿನಿಗೆ ಜಿಪ್ಸಿ ಎಂಜಿನ್: ಕೊನೆಗೂ ಡ್ರೈ ಸಂಪ್ ಅಂತ ಡಿಸೈಡ್ ಆಯ್ತು, ಅರ್ಧ ಡ್ರೈ ಅನ್ನಿ

ನನ್ನ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಮಾರುತಿ ಜಿಪ್ಸಿ ಎಂಜಿನ್ ಸ್ವಾಪ್ ಮಾಡ್ತಿದೀನಿ. ಮೌಂಟ್ ಮಾಡ್ಸಿದ್ದು, ಹಿಂದಿನ ಚಕ್ರಕ್ಕೆ ಪವರ್ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಕಟ್ ಮಾಡ್ಸಿ ಬ್ಯಾಲೆನ್ಸ್ ಮಾಡ್ಸಿದ್ದು, ವೈರಿಂಗು, ಇದನ್ನೆಲ್ಲ ಬರೆದು ಬೋರ್ ಹೊಡ್ಸಲ್ಲ, ಸ್ವಾಪ್ ಮಾಡಿರೋರಿಗೆ ಗೊತ್ತಿರೋದೇ. ಎಂಜಿನ್ ಜಿಪ್ಸಿ ಕಿಂಗ್‌ದು, ಜಿ13ಬಿಬಿ, 1298 ಸಿಸಿ, 16 ವಾಲ್ವ್, ಕಂಪನಿ ಲೆಕ್ಕದಲ್ಲಿ 80 ಬಿಎಚ್‌ಪಿ. ಪದ್ಮಿನಿಯ ಒರಿಜಿನಲ್ 1089 ಸಿಸಿಗೆ ಇದ್ದಿದ್ದು ಇದರ ಅರ್ಧ. ಜಿಪ್ಸಿ ಎಂಜಿನ್ ಹೆಂಗೂ ಉದ್ದಕ್ಕೆ ಕೂರತ್ತೆ, ಹಿಂದೆ ಅದರದ್ದೇ ಗೇರ್‌ಬಾಕ್ಸ್, ಮೇಲಿಂದ ನೋಡಿದ್ರೆ ಪದ್ಮಿನಿ ಮಾಡ್ತಿದ್ದ ಕುರ್ಲಾ ಫ್ಯಾಕ್ಟರಿಯವ್ರೇ ಇಟ್ಟು ಕಳಿಸಿದ್ರೇನೋ ಅನ್ಸತ್ತೆ. ರಗಳೆ ಎಲ್ಲಾ ಕೆಳಗಡೆ. ಸಂಪ್‌ನ, ಅಂದ್ರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಪ್ಯಾನ್‌ನ, ಆಳದ ಭಾಗ ಕರೆಕ್ಟಾಗಿ ಫ್ರಂಟ್ ಕ್ರಾಸ್‌ಮೆಂಬರ್ (ಮುಂದಿನ ಚಕ್ರಗಳ ಮಧ್ಯದ ಅಡ್ಡ ತೊಲೆ) ಮೇಲೇ ಬಂದು ಕೂತಿದೆ. ಎಂಜಿನ್ ಎತ್ತಿದ್ರೆ ಪ್ರೊಪೆಲ್ಲರ್ ಶಾಫ್ಟ್ ಆಂಗಲ್ ಕೆಡತ್ತೆ, ಕ್ರಾಸ್‌ಮೆಂಬರ್ ಕಟ್ ಮಾಡೋಣ ಅಂದ್ರೆ ಚಕ್ರ ಹಿಡಿಯೋ ವಿಷ್‌ಬೋನ್ ತೋಳುಗಳೆಲ್ಲ ಅದನ್ನೇ ನಂಬ್ಕೊಂಡಿವೆ.

ಉಳಿದ ದಾರಿ ಡ್ರೈ ಸಂಪ್: ಆಯಿಲ್ ಎಂಜಿನ್ ಕೆಳಗೆ ನಿಲ್ಲಲ್ಲ, ಪಂಪ್ ಎಳೆದು ಬೇರೆ ಟ್ಯಾಂಕ್‌ಗೆ ಹಾಕತ್ತೆ, ಹಂಗಾಗಿ ಪ್ಯಾನ್ ತೆಳ್ಳಗಿದ್ರೂ ನಡಿಯತ್ತೆ. ಡ್ರೈ ಸಂಪ್ ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಏನ್ ಗುರೂ ರೇಸ್ ಕಾರ್ ಮಾಡ್ತಿದ್ಯಾ, 80 ಬಿಎಚ್‌ಪಿಗೆ ಯಾಕಪ್ಪಾ ಅಷ್ಟೆಲ್ಲಾ ಅಂತ. ಪವರ್ ವಿಷಯ ಅಲ್ಲ ಸ್ವಾಮಿ, ಜಾಗದ್ದು. ರಸ್ತೆಗೆ ಇಳಿಸೋ ಆಸೆಯಂತೂ ಇಲ್ಲ, ಆರ್‌ಟಿಓ ಬಾಗಿಲಿಗೆ ಹೋಗಿ ನಿಲ್ಲೋ ಶಕ್ತಿ ನನಗಿಲ್ಲ, ಟ್ರೇಲರ್ ಮೇಲೆ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ಗೆ ಹೋಗಿ ಬರೋ ಗಾಡಿ ಅಷ್ಟೇ.

ಡ್ರೈ ಸಂಪ್‌ಗೂ ಮೊದಲು ಹಾಕ್ಕೊಂಡಿದ್ದು ಅಗ್ಗದ ಪ್ಲ್ಯಾನು. ಆಳ ಕಮ್ಮಿ, ಉದ್ದಕ್ಕೆ ಚಪ್ಪಟೆ ಇರೋ ಪ್ಯಾನ್: ಒಳಗಡೆ 40 ಸೆಂಟಿಮೀಟರ್ ಉದ್ದ, 22 ಅಗಲ, 9 ಆಳ. ಪಿಕಪ್ (ಪಂಪ್‌ಗೆ ಆಯಿಲ್ ಹೀರೋ ಪೈಪಿನ ಬಾಯಿ) ಅಗಲದ ಮಧ್ಯಕ್ಕೆ, ಆದ್ರೆ ಹಿಂದಕ್ಕೆ, ಯಾಕಂದ್ರೆ ಮುಂದೆ ಕ್ರಾಸ್‌ಮೆಂಬರ್ ಮೇಲೆ ಅದಕ್ಕೆ ಜಾಗ ಇಲ್ಲ. ಎಂಜಿನ್ ಮೇಲೆ ಪ್ರಯೋಗ ಮಾಡಿ ಬೇರಿಂಗ್ ಸುಡೋ ಬದಲು ಮೇಜಿನ ಮೇಲೇ ನೋಡ್ಬಿಡೋಣ ಅಂತ ಅದೇ ಅಳತೆಗೆ ಅಕ್ರಿಲಿಕ್ ಡಬ್ಬ ಮಾಡ್ಸಿ, ಗೋಡೆ ಮಾತ್ರ ಇನ್ನೂ ಎತ್ತರಕ್ಕೆ ಬಿಟ್ಟು, ಹಳೇ ಆಯಿಲ್ 4 ಲೀಟರ್ ಸುರಿದು, ಒಂದು ಕಡೆ ಜ್ಯಾಕ್ ಕೊಟ್ಟು ಎತ್ತಿದೆ. ಒಳ್ಳೇ ಟೈರು, ಮುಂದೆ ಡಿಸ್ಕ್ ಬ್ರೇಕ್ ಇದ್ರೆ ತಿರುವಲ್ಲೂ ಬ್ರೇಕಲ್ಲೂ 0.8 ಜಿ (ಗುರುತ್ವದ 0.8 ಪಟ್ಟು) ಅಂತ ಇಟ್ಕೊಂಡಿದ್ದೆ, ಅಂದ್ರೆ ಆಯಿಲ್ ಮಟ್ಟ 39 ಡಿಗ್ರಿ ಹತ್ರ ವಾಲತ್ತೆ. ಡಬ್ಬನೇ ಅಷ್ಟು ವಾಲಿಸಿದ್ರೆ ಅದೇ ಚಿತ್ರ ಕಣ್ಮುಂದೆ. ಆಂಗಲ್ ನೋಡೋಕೆ ಫೋನೇ ಸಾಕು.

ತಿರುವಲ್ಲಿ ಆಗೋ ಹಾಗೆ ಪಕ್ಕಕ್ಕೆ ವಾಲಿಸಿದಾಗ ಏನೂ ಆಗ್ಲಿಲ್ಲ! ಆಯಿಲ್ ಒಂದು ಗೋಡೆಗೆ ಹತ್ತಿದ್ರೂ ಮಧ್ಯದ ಪಿಕಪ್ ಮೇಲೆ ಇನ್ನೂ 4 ಸೆಂಟಿಮೀಟರ್ ಹತ್ರ ನಿಂತಿತ್ತು. ಓಡ್ತಿರೋವಾಗ ಸಿಲಿಂಡರ್ ಹೆಡ್‌ನಲ್ಲಿ, ಆಯಿಲ್ ಓಡೋ ಗ್ಯಾಲರಿಯಲ್ಲಿ ಒಂದಷ್ಟು ಇರತ್ತಲ್ಲ ಅಂತ ಒಂದೂವರೆ ಲೀಟರ್ ತೆಗೆದು ನೋಡಿದೆ, ಆಗಲೂ 1 ಸೆಂಟಿಮೀಟರ್ ಮುಳುಗಿತ್ತು, ಎದೆ ಢವಢವ ಅನ್ನೋ ಲೆವೆಲ್ಲು ಆದ್ರೆ ಮುಳುಗಿತ್ತು. ಆಮೇಲೆ ಬ್ರೇಕ್ ಹೊಡೆದ ಹಾಗೆ ಮುಂದಕ್ಕೆ ವಾಲಿಸಿದೆ. ಪೂರ್ತಿ 4 ಲೀಟರ್ ಇದ್ದಾಗಲೇ ಆಯಿಲ್ ಅಷ್ಟೂ ಮುಂದೆ ಹೋಗಿ 17 ಸೆಂಟಿಮೀಟರ್ ಎತ್ತರಕ್ಕೆ ಏರಿ, ಹಿಂದಿನ ಅರ್ಧ ಪ್ಯಾನ್ ಖಾಲಿ. ನಿಜವಾದ ಎಂಜಿನ್‌ನಲ್ಲಿ ಪ್ಯಾನ್ 9 ಸೆಂಟಿಮೀಟರೇ, ಅದರ ಮೇಲೆ ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ಶಾಫ್ಟ್ ತಿರುಗ್ತಿರತ್ತೆ, ಸೋ ಆ ಆಯಿಲ್‌ನ ಕ್ರ್ಯಾಂಕ್ ಮಜ್ಜಿಗೆ ಕಡೆದ ಹಾಗೆ ಕಡೀತಾ ಇರತ್ತೆ, ಪಿಕಪ್ ಗಾಳಿ ಕುಡೀತಾ ಇರತ್ತೆ. ಎಲ್ರೂ ಕಾರ್ನರಿಂಗ್ ಕಾರ್ನರಿಂಗ್ ಅಂತ ಹೆದರಿಸ್ತಾರೆ, ನನ್ನ ಕಾರಿಗೆ ಕೊಲೆಗಾರ ಬ್ರೇಕು!

ಬ್ಯಾಫಲ್ (ಆಯಿಲ್ ತಡೆಯೋ ಅಡ್ಡ ತಗಡು) ಹಾಕು ಅಂತೀರಾ, ಗೊತ್ತು. ಒಂದೇ ಕಡೆ ತೆರೆಯೋ ಬಾಗಿಲು ಇಟ್ಟು ಪಿಕಪ್ ಸುತ್ತ ಒಂದೂವರೆ ಲೀಟರ್ ಹಿಡಿಯೋ ಕೋಣೆ ಮಾಡಿದ್ವಿ ಅಂತಿಟ್ಕೊಳ್ಳಿ. ಹೈ ಆರ್‌ಪಿಎಂನಲ್ಲಿ ಪಂಪ್ ನಿಮಿಷಕ್ಕೆ 30 ಲೀಟರ್ ಎಳೆದ್ರೂ ಸೆಕೆಂಡಿಗೆ ಅರ್ಧ ಲೀಟರ್ ಆಯ್ತು, ಮೂರು ಸೆಕೆಂಡಲ್ಲಿ ಕೋಣೆ ಖಾಲಿ. ಸ್ಟ್ರೈಟ್ ಮುಗಿದು ಹೇರ್‌ಪಿನ್‌ಗೆ ಬ್ರೇಕ್ ಹೊಡಿಯೋದೂ ಹೆಚ್ಚೂಕಮ್ಮಿ ಅಷ್ಟೇ ಹೊತ್ತು. ಆಯಿಲ್ ಅಕ್ಯುಮುಲೇಟರ್ (ಒತ್ತಡದಲ್ಲಿ ಆಯಿಲ್ ಕೂಡಿಟ್ಟು ಬೇಕಾದಾಗ ಬಿಡೋ ಡಬ್ಬಿ) ಹಾಕಿದ್ರೆ ಇನ್ನೊಂದೆರಡು ಸೆಕೆಂಡ್ ಸಾಲ ಸಿಗತ್ತೆ, ಮಜ್ಜಿಗೆ ಮಜ್ಜಿಗೆಯಾಗೇ ಇರತ್ತೆ.

ಹಂಗಾಗಿ ಡ್ರೈ ಸಂಪ್. ಇಂಪೋರ್ಟೆಡ್ ಮೂರು ಸ್ಟೇಜ್ ಕಿಟ್‌ಗೆ ಡ್ಯೂಟಿ ಎಲ್ಲ ಸೇರಿಸಿ ಒಬ್ರು ಹೇಳಿದ ರೇಟ್‌ಗೆ ಇನ್ನೊಂದು ಪದ್ಮಿನಿ ಬರತ್ತೆ, ನಂಬರ್ ಪ್ಲೇಟ್ ಸಮೇತ. ಹಂಗಾಗಿ ಎಂಜಿನ್‌ಗೆ ಆಯಿಲ್ ತಳ್ಳೋ ಪ್ರೆಷರ್ ಸ್ಟೇಜ್ ಬೇಡ ಅಂದೆ, ಅದಕ್ಕೇ ಅರ್ಧ ಡ್ರೈ. ಜಿ13ರ ಆಯಿಲ್ ಪಂಪ್ ಕ್ರ್ಯಾಂಕ್ ಮುಂತುದಿಯಲ್ಲೇ ಕೂರೋ ಜೆರೋಟರ್ (ಒಂದರೊಳಗೊಂದು ಹಲ್ಲುಚಕ್ರ ತಿರುಗೋ ಪಂಪ್), ಗಟ್ಟಿಮುಟ್ಟಾಗಿದೆ, ಅದನ್ನ ಹಂಗೇ ಇಟ್ಕೊಂಡು ಪಿಕಪ್ ಪೈಪ್ ಜಾಗಕ್ಕೆ ಪ್ಲೇಟ್ ಹಾಕಿ ಟ್ಯಾಂಕ್‌ನಿಂದ ದಪ್ಪ ಹೋಸ್ ಕೊಡೋದು. ಹೊರಗಡೆ ಬೆಲ್ಟ್ ಮೇಲೆ ಓಡೋ ಎರಡು ಸ್ಟೇಜ್ ಸ್ಕ್ಯಾವೆಂಜ್ ಪಂಪ್ (ಪ್ಯಾನ್‌ನಿಂದ ಆಯಿಲ್ ಎಳೆದು ಟ್ಯಾಂಕ್‌ಗೆ ಹಾಕೋದು) ಮಾತ್ರ, ಒಂದು ಪ್ಯಾನ್‌ನ ಮುಂದಿನ ಮೂಲೆಯಿಂದ ಎಳೆಯತ್ತೆ, ಇನ್ನೊಂದು ಹಿಂದಿನಿಂದ. ಬ್ರೇಕ್ ಹೊಡೆದಾಗ ಮುಂದಿಂದು ದುಡಿಯತ್ತೆ, ಹಿಂದಿಂದು ಗಾಳಿ ಎಳೆಯತ್ತೆ. ಆ ಗಾಳಿ ಬಿಡಿಸೋಕೆ ಟ್ಯಾಂಕ್ ಎತ್ತರಕ್ಕಿರಬೇಕು, ಆಯಿಲ್ ಗೋಡೆಗೆ ಸುತ್ತಿ ಇಳೀಬೇಕು. 6 ಇಂಚು ಪೈಪು 40 ಸೆಂಟಿಮೀಟರ್ ಎತ್ತರ ಅಂದ್ರೆ 7 ಲೀಟರ್ ಚಿಲ್ಲರೆ, ಸಾಕು.

ಖುಷಿಯಾಗಿ ಡ್ರಾಯಿಂಗ್ ಮಾಡಿ ನಮ್ಮ ಪೀಣ್ಯದ ಲೇತ್ ಅಣ್ಣಂಗೆ ತೋರಿಸಿದ್ರೆ ಅವ್ರು ಒಂದೇ ಮಾತು ಕೇಳಿದ್ರು, "ಗಾಡಿ ನಿಲ್ಸಿದ ಮೇಲೆ ಟ್ಯಾಂಕ್ ಆಯಿಲ್ ಎಲ್ಲಿಗೋಗತ್ತೆ?" ಅವ್ರತ್ರ ಹಳೇ ಕಾಸ್ಟ್ ಐರನ್ ಬುಲೆಟ್ ಇದೆ, ಅದಕ್ಕೇ ಆ ಪ್ರಶ್ನೆ. ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದೇ ಎರಕದಲ್ಲಿರೋ ಆಮೇಲಿನ ಎಂಜಿನ್) ಬರೋಕೆ ಮುಂಚಿನ ಆ ಬುಲೆಟ್ ಡ್ರೈ ಸಂಪೇ ತಾನೇ, ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸ್ ಎರಕದಲ್ಲೇ ಇರತ್ತೆ, ಫೀಡ್ ಪಂಪ್ ಒಂದು, ಅದಕ್ಕಿಂತ ದೊಡ್ಡ ರಿಟರ್ನ್ ಪಂಪ್ ಒಂದು. ತಿಂಗಳುಗಟ್ಟಲೆ ನಿಲ್ಸಿದ್ರೆ ಆಯಿಲ್ ಮೆಲ್ಲಗೆ ಜಾರಿ ಕ್ರ್ಯಾಂಕ್ ಹತ್ರ ತುಂಬ್ಕೊಂಡು, ಕಿಕ್ ಹೊಡೆದ್ರೆ ಬೀದಿಯೆಲ್ಲಾ ಹೊಗೆ. ನನ್ನ ಟ್ಯಾಂಕ್ ಪಂಪ್‌ಗಿಂತ ಮೇಲಿದೆ, ಜೆರೋಟರ್ ಸಂದಿಯಲ್ಲಿ ವಾರಗಟ್ಟಲೆ ಇಳಿದ್ರೆ ಅದೇ ಕಥೆ. ಫೀಡ್ ಲೈನ್‌ಗೆ ಬಾಲ್ ವಾಲ್ವ್ ಹಾಕಿ ಮುಚ್ಚಿಟ್ರೆ ಮುಗೀತು, ಆದ್ರೆ ತೆರೆಯೋದು ಮರೆತ್ರೆ ಎಂಜಿನ್ನೇ ಮುಗೀತು. ಅದಕ್ಕೆ ವಾಲ್ವ್ ಹ್ಯಾಂಡಲ್‌ಗೆ ಮೈಕ್ರೋಸ್ವಿಚ್, ಅದು ಸ್ಟಾರ್ಟರ್ ರಿಲೇಗೂ ಫ್ಯೂಯಲ್ ಪಂಪ್ ರಿಲೇಗೂ. ಪೂರ್ತಿ ತೆರೀದಿದ್ರೆ ಸೆಲ್ಫೇ ಎತ್ತಲ್ಲ. ಎರಡು ವಾರದಿಂದ ತಲೆ ತಿಂತಿದ್ದಿದ್ದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್‌ಪಿ ರೋಡಲ್ಲಿ ನೂರಿನ್ನೂರು ರೂಪಾಯಿಗೆ ಉತ್ತರ.

ಹೋಸ್ ಕಥೆ ಬೇರೆ. ಆನ್‌ಲೈನಲ್ಲಿ ಎಎನ್-12 (37 ಡಿಗ್ರಿ ಕೋನ್ ಇರೋ ಹೋಸ್ ಫಿಟ್ಟಿಂಗ್) ಆರ್ಡರ್ ಮಾಡಿದ್ರೆ ಬಂದಿದ್ದು ಮುಕ್ಕಾಲು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ಕೋನ್ 60 ಡಿಗ್ರಿ, ಥ್ರೆಡ್ಡೂ ಬೇರೆ. ಫೋನ್ ಮಾಡಿದ್ರೆ "ಸರ್ ಟೆಫ್ಲಾನ್ ಟೇಪ್ ಸುತ್ತಿ, ಕೂರತ್ತೆ" ಅಂತಾನೆ ಪುಣ್ಯಾತ್ಮ. ಕೊನೆಗೆ ಜೆಸಿಬಿಗೆ ಹೋಸ್ ಕ್ರಿಂಪ್ ಮಾಡೋ ಅಂಗಡೀಲಿ ಹೈಡ್ರಾಲಿಕ್ ಹೋಸ್‌ಗೆ ಹಾಕೋ ಜೆಐಸಿ ಫಿಟ್ಟಿಂಗ್ ಸಿಕ್ತು, ಅದೇ 37 ಡಿಗ್ರಿ, ಸ್ಟೀಲು, ಬಣ್ಣಬಣ್ಣದ ಅಲ್ಯೂಮಿನಿಯಂ ಇಲ್ಲ, ಕಾಲು ಭಾಗ ದುಡ್ಡು. ಸಕ್ಷನ್ ಕಡೆಗೆ ಮಾತ್ರ ಒಳಗೆ ಸ್ಪ್ರಿಂಗ್ ವೈರ್ ಇರೋ ಹೋಸೇ ಕೇಳಿ ತಗೊಳ್ಳಿ, ಇಲ್ದಿದ್ರೆ ಬಿಸಿಗೆ ಚಪ್ಪಟೆ ಆಗತ್ತೆ.

ಇದರ ಮಧ್ಯ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್ ನೋಡ್ಕೊಂಡು ಬಂದೆ, ಮೈಸೂರಿನ ಯಾದವಗಿರೀಲೇ ಹುಟ್ಟಿದ ಗಾಡಿ, ಸಿಲಿಂಡರ್ ಜಾಮ್, ಟ್ಯಾಂಕ್ ತುಕ್ಕು. ಟೂ ಸ್ಟ್ರೋಕ್! ಪೆಟ್ರೋಲ್‌ಗೇ ಆಯಿಲ್ ಬೆರೆಸು, ಹೋಗು. ಕ್ರ್ಯಾಂಕ್ ಕೆಳಗೆ ಆಯಿಲ್ ಪ್ಯಾನೂ ಇಲ್ಲ, ಸ್ಕ್ಯಾವೆಂಜೂ ಇಲ್ಲ. ಅಡ್ವಾನ್ಸ್ ಕೊಟ್ಟಿದೀನಿ, ಮನೇಲಿ ಇನ್ನೂ ಹೇಳಿಲ್ಲ.

ಪದ್ಮಿನೀಲಿ ಈಗ ಉಳಿದಿರೋದು ಸ್ಕ್ಯಾವೆಂಜ್ ಪಂಪ್ ಬ್ರ್ಯಾಕೆಟ್ಟು. 8 ಎಂಎಂಗೊಂದು ಹಲ್ಲಿರೋ ಎಚ್‌ಟಿಡಿ ಬೆಲ್ಟು, ಕ್ರ್ಯಾಂಕ್‌ಗಿಂತ ಅರ್ಧ ಸ್ಪೀಡಿಗೆ, ಎಸಿ ಕಂಪ್ರೆಸರ್ ಕೂರೋ ಜಾಗದಲ್ಲಿ. ಕ್ರ್ಯಾಂಕ್ ಪುಲ್ಲಿಗೆ ಹಲ್ಲು ಕಟ್ ಮಾಡ್ಸೋಕೆ ಕೊಟ್ಟಿದೀನಿ, ಸೋಮವಾರ ಅಂದಿದಾರೆ, ಯಾವ ಸೋಮವಾರ ಅಂತ ಕೇಳಿಲ್ಲ.