ಎಲ್. ಶಂಕರ್ ಅವರ ಪಿಟೀಲು: ಪಕ್ಕವಾದ್ಯದ ಕಿವಿ, ರಾಕ್ ವೇದಿಕೆಯ ತಾಪತ್ರಯ

ಕರ್ನಾಟಕ ಸಂಗೀತದ ಪಿಟೀಲುವಾದಕ ಎಲ್. ಶಂಕರ್ 1974ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದ್ದು ಪಿಟೀಲು ಪಕ್ಕವಾದ್ಯದ ಬಗ್ಗೆ ಬರೆದು. ಮರುವರ್ಷ ಅವರು ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ‘ಶಕ್ತಿ’ ಎಂಬ ಫ್ಯೂಷನ್ ತಂಡದಲ್ಲಿದ್ದರು. ಪ್ರಬಂಧ ಒಂದು ಬದುಕು, ಫ್ಯೂಷನ್ ಇನ್ನೊಂದು ಎಂದು ಬೇರೆ ಮಾಡಿ ನೋಡುವವರೇ ಹೆಚ್ಚು. ಶಕ್ತಿಯ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ.

ಪಕ್ಕವಾದ್ಯದವನಿಗೆ ಮುಂದೆ ಬರುವ ಸಂಗತಿ ಗೊತ್ತಿರುವುದಿಲ್ಲ. ಗಾಯಕ ಹಾಡುತ್ತಿರುವಾಗಲೇ ಬಾಲ ಹಿಡಿದು ಹೋಗಬೇಕು, ಆಲಾಪನೆ ನಿಂತ ಕೂಡಲೇ ಅದರ ಸಾರವನ್ನು ಚಿಕ್ಕದಾಗಿ ಹಿಂತಿರುಗಿಸಬೇಕು. ಶಕ್ತಿಯಲ್ಲಿ ಗಾಯಕನ ಜಾಗದಲ್ಲಿ ಗಿಟಾರ್ ಇತ್ತು, ಅಷ್ಟೇ. ಗಿಟಾರ್ ಹೇಳಿದ್ದನ್ನು ಪಿಟೀಲು ಹೇಳುವುದು, ಸರದಿಯ ಅಳತೆ ನಾಲ್ಕು ಆವರ್ತ, ಎರಡು, ಒಂದು, ಅರ್ಧ ಎಂದು ಕುಗ್ಗುತ್ತಾ ಬಂದು ಇಬ್ಬರೂ ಒಂದೇ ಮುಕ್ತಾಯಕ್ಕೆ ಬಂದು ಸೇರುವುದು, ಇದು ಮೃದಂಗ-ಘಟದ ತನಿ ಆವರ್ತನದ (ಲಯವಾದ್ಯಗಳಷ್ಟೇ ನುಡಿಸುವ ಭಾಗದ) ಪದ್ಧತಿಯೇ.

ಇನ್ನೊಂದು ಮಾತು. ಶಕ್ತಿಯಲ್ಲಿ ಶಂಕರ್ ಅವರಿಗಿಂತ ಹೆಚ್ಚು ಬದಲಾಗಬೇಕಾದದ್ದು ಗಿಟಾರ್. ಗಿಟಾರಿನ ಮೆಟ್ಟಿಲುಗಳು (ಫ್ರೆಟ್) ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸುವುದಕ್ಕೆ, ಅಡ್ಡ. ಅದಕ್ಕೇ ಏಬ್ರಹಾಂ ವೆಕ್ಟರ್ ಎಂಬ ತಯಾರಕ ಮೆಕ್‌ಲಾಫ್ಲಿನ್‌ಗಾಗಿ ಮೆಟ್ಟಿಲುಗಳ ನಡುವಿನ ಮರವನ್ನು ತೋಡಿ, ಶ್ರುತಿಗೆ ಮೀಟಲು ಏಳು ಅಡ್ಡ ತಂತಿಗಳನ್ನು ಕೂರಿಸಿಕೊಟ್ಟರು. ಎಲ್ಲರೂ ನೆಲದ ಮೇಲೆ ಕೂತು, ಒಂದೇ ಷಡ್ಜಕ್ಕೆ ಶ್ರುತಿ ಮಾಡಿಕೊಂಡು ನುಡಿಸುತ್ತಿದ್ದರು. ಪಿಟೀಲಿಗೆ ನಿಜವಾದ ಕಷ್ಟ ಶುರುವಾಗುವುದು ಆಮೇಲೆ: 1979ರಲ್ಲಿ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ನಿರ್ಮಿಸಿದ ಆಲ್ಬಂ, ಎಂಬತ್ತರ ದಶಕದ ‘ಎಪಿಡೆಮಿಕ್ಸ್’ ಎಂಬ ಪಾಪ್ ತಂಡ, ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಅವರ 1989ರ ‘ಪ್ಯಾಶನ್’ ಆಲ್ಬಂ.

ಮೊದಲ ತೊಡಕು ಶ್ರುತಿಯದು. ಐದು ಮನೆ ಶ್ರುತಿಗೆ (ಷಡ್ಜ ಪಾಶ್ಚಾತ್ಯರ ಜಿ) ನಮ್ಮ ಪಿಟೀಲು ಸ-ಪ-ಸ-ಪ ಆಗುವುದು ಜಿ-ಡಿ-ಜಿ-ಡಿ ಎಂದು. ಪಾಶ್ಚಾತ್ಯ ಕ್ರಮ ಜಿ-ಡಿ-ಎ-ಇ. ಅಂದರೆ ಮೇಲಿನ ಎರಡು ತಂತಿಗಳಷ್ಟೇ ಒಂದೊಂದು ಪೂರ್ಣ ಸ್ವರ ಮೇಲೇರಬೇಕು: 392ರಿಂದ 440 ಹರ್ಟ್ಸ್‌ಗೆ, 587ರಿಂದ 659ಕ್ಕೆ. ಅಂಕಿಯಲ್ಲಿ ಸಣ್ಣದು, ಬೆರಳಿಗೆ ದೊಡ್ಡದು. ಸ-ಪ-ಸ-ಪದಲ್ಲಿ ಎರಡು ತಂತಿ ದಾಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಅದೇ ಬೆರಳಿಗೆ ಸಿಗುತ್ತದೆ. ಜಿ-ಡಿ-ಎ-ಇಯಲ್ಲಿ ಸಿಗುವುದಿಲ್ಲ. ಒಂದೇ ವಾದ್ಯದ ಬಿರಡೆಯನ್ನು ದಿನಕ್ಕೆರಡು ಸಲ ತಿರುಗಿಸಿದರೆ ತಂತಿ ನಿಲ್ಲದೆ ಜಾರುತ್ತಿರುತ್ತದೆ, ತಂತಿ ಹೊರುವ ಕುದುರೆಯೂ ಬಾಗುತ್ತದೆ. ಎರಡು ಪಿಟೀಲು ಇಟ್ಟುಕೊಳ್ಳುವುದೇ ಕ್ಷೇಮ.

ಆಮೇಲೆ ಕೀಬೋರ್ಡು. ತಂಬೂರಿಗೆ ಹೊಂದುವ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ (ಕೀಬೋರ್ಡಿನ ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್) ದೂರ, ಕೀಬೋರ್ಡಿನದು 400. ಓಡುವ ಸಂಗತಿಯಲ್ಲಿ ಈ 14 ಸೆಂಟ್ ಯಾರಿಗೂ ತಿಳಿಯುವುದಿಲ್ಲ. ದೀರ್ಘವಾಗಿ ನಿಲ್ಲಿಸಿದಾಗ ಮಾತ್ರ ಕಾರ್ಡಿನ (ಒಟ್ಟಿಗೆ ನುಡಿಸುವ ಹಲವು ಸ್ವರಗಳ) ಎದುರು ಪಿಟೀಲೇ ಅಪಶ್ರುತಿಯಂತೆ ಕೇಳುತ್ತದೆ. ಸಾಧಾರಣ ಗಾಂಧಾರದಲ್ಲಿ ಇದು ತಿರುವುಮುರುವು: ನಮ್ಮದು 316, ಕೀಬೋರ್ಡಿನದು 300. ನಿಲ್ಲುವ ಸ್ವರವನ್ನು ಕೀಬೋರ್ಡಿಗೆ ಒಪ್ಪಿಸಿ, ಚಲಿಸುವ ಸ್ವರವನ್ನು ರಾಗಕ್ಕೆ ಬಿಡುವುದು ಒಂದು ಉಪಾಯ. ಕೀರವಾಣಿ, ಚಾರುಕೇಶಿ, ಮೋಹನ, ಶಂಕರಾಭರಣ ಕಾರ್ಡುಗಳ ಜೊತೆ ಹೇಗೋ ಹೊಂದಿಕೊಳ್ಳುತ್ತವೆ. ತೋಡಿ, ಸಹಾನಗಳನ್ನು ಕಾರ್ಡಿನ ಮೇಲೆ ಇಟ್ಟರೆ ಒಂದೋ ಗಮಕ ಸಾಯುತ್ತದೆ, ಇಲ್ಲವೇ ಕಾರ್ಡು ಕೆಡುತ್ತದೆ. ಅಲ್ಲಿ ಕೀಬೋರ್ಡಿನವರಿಗೆ ಸ-ಪ ಮಾತ್ರ ಹಿಡಿಯಿರಿ ಎಂದು ಕೇಳಲು ಸಂಕೋಚ ಬೇಡ.

ನಿಂತು ನುಡಿಸುವುದು ಇನ್ನೊಂದು ಪರೀಕ್ಷೆ. ಕೂತಾಗ ಪಿಟೀಲಿನ ಸುರುಳಿ ಬಲಗಾಲಿನ ಮೇಲೆ ಊರಿರುತ್ತದೆ, ಎಡಗೈಗೆ ವಾದ್ಯ ಹೊರುವ ಕೆಲಸವಿಲ್ಲ, ಜಾರು ಸಲೀಸು. ನಿಂತಾಗ ಇಳಿಯುವ ಜಾರು ಪಿಟೀಲನ್ನೇ ಗಲ್ಲದ ಕೆಳಗಿನಿಂದ ಎಳೆದುಬಿಡುತ್ತದೆ. ಭುಜಕ್ಕೆ ಎತ್ತರದ ಆಧಾರ ಬೇಕು. ಬೆರಳಿಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೂ ಕಡಿಮೆ ಮಾಡಬೇಕು. ಅದು ಕಮಾನಿನ ಕೂದಲಿಗೆ ತಾಗಿದರೆ ರಾಳ ಹಿಡಿಯುವುದಿಲ್ಲ, ನಾದ ಹೊರಡುವುದಿಲ್ಲ.

ಡ್ರಮ್ಸ್ ಪಕ್ಕದಲ್ಲಿದ್ದರೆ ಮೈಕು ಸಾಲದು, ಕುದುರೆಗೆ ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಪಿಕಪ್ ಬೇಕಾಗುತ್ತದೆ. ಅದನ್ನು ನೇರ ಮಿಕ್ಸರಿಗೆ ಚುಚ್ಚುವುದು ಎಲ್ಲೆಲ್ಲೂ ಕಾಣುವ ತಪ್ಪು. ಪೀಜೋಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು; ಮಿಕ್ಸರಿನದು ಅದಕ್ಕಿಂತ ಬಹಳ ಕಡಿಮೆ. ಮಂದ್ರವೆಲ್ಲ ಉದುರಿ ಮೂಗಿನ ಸದ್ದು ಉಳಿಯುತ್ತದೆ. ನಡುವೆ ಪ್ರೀಆಂಪ್ ಇಡಿ. ಸ್ಪೀಕರಿನಿಂದ ಕೂಗು (ಫೀಡ್‌ಬ್ಯಾಕ್) ಬಂದರೆ ಮೊದಲು 270–280 ಹರ್ಟ್ಸ್ ಸುತ್ತ ಸಣ್ಣದಾಗಿ ತಗ್ಗಿಸಿ ನೋಡಿ, ಪಿಟೀಲಿನ ಡಬ್ಬದೊಳಗಿನ ಗಾಳಿ ಅನುರಣಿಸುವುದು ಅಲ್ಲೇ. ಒಟ್ಟು ವಾಲ್ಯೂಮ್ ಇಳಿಸಿದರೆ ಕೂಗಿನ ಜೊತೆ ಪಿಟೀಲೂ ಹೋಗುತ್ತದೆ.

ಶಂಕರ್ ಈ ಗೋಜನ್ನೇ ದಾಟಿದರು. 1980ರ ಹೊತ್ತಿಗೆ ಕೆನ್ ಪಾರ್ಕರ್ ಜೊತೆ ಎರಡು ಕುತ್ತಿಗೆ, ಹತ್ತು ತಂತಿಗಳ ಎಲೆಕ್ಟ್ರಿಕ್ ಪಿಟೀಲು ಮಾಡಿಸಿದರು. ಡಬಲ್ ಬೇಸ್‌ನಿಂದ ಪಿಟೀಲಿನವರೆಗಿನ ಸ್ಥಾಯಿಯೆಲ್ಲ ಅದರೊಳಗೆ. ನಮ್ಮ ಟಿ. ಚೌಡಯ್ಯನವರು 1927ರಲ್ಲಿ ಏಳು ತಂತಿ ಕಟ್ಟಿದ್ದೂ ಸಭಾಂಗಣದ ಹಿಂದಿನ ಸಾಲಿಗೆ ನಾದ ಮುಟ್ಟಲಿ ಎಂದೇ. ಆಗ ಮೈಕಿನ ಆಸರೆ ಇರಲಿಲ್ಲ, ನಾದವನ್ನು ತಂತಿಯಿಂದಲೇ ಹೆಚ್ಚಿಸಬೇಕಿತ್ತು.

ಈ ಹೊಸ ವಾದ್ಯ ‘ಪ್ಯಾಶನ್’ನಲ್ಲಿ ಬೆಳಗಿದಷ್ಟು ಎಪಿಡೆಮಿಕ್ಸ್‌ನ ಹಾಡುಗಳಲ್ಲಿ ಬೆಳಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಪಾಪ್ ಹಾಡಿನಲ್ಲಿ ಪಿಟೀಲಿಗೆ ಸಿಗುವುದು ನಡುವಿನ ಎಂಟು ಬಾರ್. ಪಕ್ಕವಾದ್ಯದ ಕಿವಿಗೆ ಅಲ್ಲಿ ಉತ್ತರಿಸಲು ಎದುರು ದನಿಯೇ ಇಲ್ಲ. ಅವರ ಅಣ್ಣ ಎಲ್. ವೈದ್ಯನಾಥನ್ ಹಿಡಿದದ್ದು ಸಿನಿಮಾ ಸಂಗೀತ ನಿರ್ದೇಶನದ ದಾರಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಸಂಗೀತ ಕೊಟ್ಟವರು ಅವರೇ.

ಈಗ ಸ್ಟುಡಿಯೋಗೆ ಹೋಗುವ ಹುಡುಗರಿಗೆ ಸ್ಟಾಫ್ ನೊಟೇಶನ್ ಓದಲು ಬರಲೇಬೇಕು, ಇಲ್ಲದಿದ್ದರೆ ಗ್ರೂಪ್ ವಯಲಿನ್ ಕೆಲಸ ಸಿಗುವುದಿಲ್ಲ, ಸೋಲೋ ತುಣುಕಿಗಾಗಿ ಕಾಯುತ್ತಾ ಕೂರಬೇಕು. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದಿರಲಿ, ಇಲ್ಲವಾದರೆ ಲಯ ತೋರಿಸುವ ಕ್ಲಿಕ್ ಸದ್ದು ಮೈಕಿಗೆ ಸೋರುತ್ತದೆ. ಮೈಕು ಕಚೇರಿಯಲ್ಲಿಟ್ಟಷ್ಟು ಹತ್ತಿರ ಬೇಡ, ಎರಡು-ಮೂರು ಅಡಿ ಮೇಲಿರಲಿ. ಹತ್ತಿರವಾದರೆ ಕಮಾನಿನ ಗರಗರವೇ ಮುಂದೆ ಬರುತ್ತದೆ. ಮನೆಯಿಂದ ರೆಕಾರ್ಡ್ ಮಾಡಿ ಕಳಿಸುವುದಾದರೆ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್, ರಿವರ್ಬ್ ಹಾಕದೆ, ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗುವಂತೆ ಇರಲಿ. ಗಮಕ ತುಂಬಿದ ಒಂದು ಟೇಕ್ ಜೊತೆಗೆ ಸ್ವರ ಸಪಾಟಾಗಿ ನಿಲ್ಲಿಸಿದ ಇನ್ನೊಂದನ್ನೂ ಕಳಿಸಿ; ಮಿಕ್ಸಿಂಗ್ ಮಾಡುವವರು ಅರ್ಧ ಸಲ ಎರಡನೆಯದನ್ನೇ ಕೇಳುತ್ತಾರೆ.